ಮೆಟ್ಟಿಲ ಲೆಕ್ಕ, ಹಾಸಿನ ಲೆಕ್ಕ

ಶಾಲೆಯ ಒಲೆ ಹೊತ್ತಿಸುವುದಕ್ಕೆ ಎರಡನೇ ತರಗತಿಯ ಲೆಕ್ಕದ ಹಾಳೆಗಳಿಗಿಂತ ಒಳ್ಳೆಯದು ಇನ್ನೊಂದಿಲ್ಲ. ತೆಳ್ಳಗೆ ಗರಿಗರಿಯಾಗಿರುತ್ತವೆ, ಕಡ್ಡಿ ಗೀರಿ ತಾಗಿಸಿದರೆ ಸಾಕು. ನೆವೆನಾ ಎರಡು ಚಳಿಗಾಲದಿಂದ ಅವನ್ನೇ ಸುಡುತ್ತ ಬಂದಿದ್ದಳು. ಒಂದು ದಿನವೂ ಓದಿ ನೋಡಿರಲಿಲ್ಲ.

ಫೆಬ್ರುವರಿಯ ಕೊನೆಯ ಬುಧವಾರ ಬೆಳಿಗ್ಗೆ ಮಾತ್ರ ಅವಳ ಕೈ ತಡೆಯಿತು. ಮೇಲಿನ ಹಾಳೆಯಲ್ಲಿ ತಂಗಿ ದೋನ್ಕಾಳ ಹೆಸರಿತ್ತು. ಹನ್ನೆರಡು ಲೆಕ್ಕ, ಒಂಬತ್ತು ಕೆಂಪು ಗೀಟು, ಕೆಳಗೆ ದಪ್ಪಗೆ ಅಂಕ ಎರಡು. ಆರಕ್ಕೆ ಎರಡು. ಅದಕ್ಕಿಂತ ಕಡಿಮೆ ಅಂಕ ಕೊಡುವ ಪದ್ಧತಿಯೇ ಇಲ್ಲ.

ಸೋಮವಾರ ಮಾರ್ಕೋವಾ ಟೀಚರ್ ಅವಳನ್ನು ಪಡಸಾಲೆಯಲ್ಲಿ ನಿಲ್ಲಿಸಿ ಮಾತಾಡಿದ್ದರು. ಕೈಯಲ್ಲಿ ಬಕೆಟ್ಟು ಹಿಡಿದೇ ನೆವೆನಾ ಕೇಳಿಸಿಕೊಂಡಿದ್ದಳು.

"ನಿನ್ ತಂಗಿ ಒಳ್ಳೇ ಮಗು ಕಣಮ್ಮ. ಗಲಾಟೆ ಇಲ್ಲ, ಏನಿಲ್ಲ. ಆದ್ರೆ ಲೆಕ್ಕ ತಲೆಗೆ ಹತ್ತೋದಿಲ್ಲ. ನಾನೂ ಎರಡು ವರ್ಷ ನೋಡ್ದೆ. ಜಿಲ್ಲಾ ಪಟ್ಟಣದಲ್ಲಿ ಇಂಥ ಮಕ್ಕಳಿಗೇ ಅಂತ ಒಂದು ಶಾಲೆ ಇದೆ. ಅಲ್ಲೇ ಊಟ, ಅಲ್ಲೇ ಹಾಸಿಗೆ. ಹೆಸರು ಬರೆದಿದೀನಿ. ಸೋಫಿಯಾದಿಂದ ಒಬ್ರು ಪರೀಕ್ಷೆ ಮಾಡೋಕೆ ಬರ್ತಿದಾರೆ. ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಕಾಗದ ಅವ್ರ ಜೊತೆ ಹೋಗುತ್ತೆ."

ಓದಿದವರ ಎದುರು ನೆವೆನಾಳ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಆರನೇ ತರಗತಿ ಮುಗಿಸಿದ ವರ್ಷ ತಾಯಿ ಹಾಸಿಗೆ ಹಿಡಿದಳು. ಅವಳ ಬದಲಿಗೆ ಮಗ್ಗದ ಮುಂದೆ ಕೂತವಳು ಶಾಲೆಯ ಮುಖ ಮತ್ತೆ ನೋಡಿದ್ದು ಒಲೆ ಹೊತ್ತಿಸಲು ಬಂದಾಗಲೇ. ಈಗ ತಾಯಿ ಇಲ್ಲ. ತಂದೆ ಗಣಿಯಲ್ಲಿದ್ದಾನೆ, ತಿಂಗಳಿಗೊಮ್ಮೆ ಬರುತ್ತಾನೆ. ಮನೆಯಲ್ಲಿ ವುನಾ ಅಜ್ಜಿ, ಮಗ್ಗ, ದೋನ್ಕಾ. ಎರಡು ದಿನದಿಂದ 'ಅಲ್ಲೇ ಹಾಸಿಗೆ' ಎಂಬ ಮಾತು ಅವಳ ಕಿವಿಯಲ್ಲೇ ಕೂತಿತ್ತು. ಎಂಟು ತುಂಬಿದರೂ ದೋನ್ಕಾಳಿಗೆ ಅಕ್ಕನ ಜಡೆ ಹಿಡಿದುಕೊಳ್ಳದೆ ನಿದ್ದೆ ಬರುತ್ತಿರಲಿಲ್ಲ.

ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

52ರಲ್ಲಿ 27 ಹೋದರೆ 35. ಕೆಂಪು ಗೀಟು. 61ರಲ್ಲಿ 24 ಹೋದರೆ 43. ಕೆಂಪು ಗೀಟು. 70ರಲ್ಲಿ 36 ಹೋದರೆ 46. ಮತ್ತೆ ಗೀಟು. ಆದರೆ 85ರಲ್ಲಿ 32 ಹೋದರೆ 53, ಅದು ಸರಿ. 68ರಲ್ಲಿ 41, ಅದೂ ಸರಿ.

ತಲೆಗೆ ಹತ್ತದ ಮಗು ಕೈಗೆ ಬಂದದ್ದು ಬರೆಯಬೇಕಲ್ಲ? ಇವಳು ಹಾಗೆ ಬರೆದಿರಲಿಲ್ಲ. ಒಂಬತ್ತು ತಪ್ಪನ್ನೂ ಒಂದೇ ಕೈ ನೇಯ್ದ ಹಾಗಿತ್ತು. ಐದು, ಎರಡು: ಮೂರು. ಎರಡು, ಏಳು: ಐದು. ನೆವೆನಾ ಓದುತ್ತ ಹೋದಂತೆ ಅಂಕಿಗಳು ದೋನ್ಕಾಳ ಎಳೆಯ ದನಿಯಲ್ಲೇ ಕೇಳಿಸತೊಡಗಿದವು. ಆ ದನಿ, ಆ ರಾಗ ಅವಳಿಗೆ ಚೆನ್ನಾಗಿ ಗೊತ್ತು. ದಿನಾ ಸಂಜೆ ಮಗ್ಗದ ಪಕ್ಕ ಕೇಳುವುದು ಅದನ್ನೇ.

"ಅಯ್ಯೋ ದೇವರೇ, ಇವಳು ಮೆಟ್ಟಿಲು ಕೂಗ್ತಿದಾಳೆ!" ಎಂದು ಖಾಲಿ ಕೋಣೆಗೆ ಕೇಳುವಷ್ಟು ಜೋರಾಗಿ ಅಂದಳು.

ಮೆಟ್ಟಿಲು ಕೂಗುವುದು ಗೋರ್ನಾ ಲೇಸ್ಕಾ ಊರಿನಲ್ಲಿ ಮಗ್ಗವಿರುವ ಮನೆಮನೆಯ ಕೆಲಸ. ಹಳೆಯ ಜಮಖಾನೆಯೊಂದನ್ನು ಗೋಡೆಗೆ ತೂಗುಹಾಕಿರುತ್ತಾರೆ. ಹೂವಿನ ಅಂಚು ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿಯುತ್ತದೆ. ನೇಯುವವಳು ಅದನ್ನು ನೋಡಲು ತಲೆ ತಿರುಗಿಸುವ ಹಾಗಿಲ್ಲ, ಪಕ್ಕದಲ್ಲಿ ನಿಂತ ಮಗು ಎಳೆ ಎಣಿಸಿ ಹೇಳುತ್ತದೆ. ಕೆಳಸಾಲಿನಲ್ಲಿ ಐದು ಎಳೆ ಕೆಂಪು, ಮೇಲುಸಾಲಿನಲ್ಲಿ ಎರಡು; ಮಗು 'ಮೂರು' ಎನ್ನುತ್ತದೆ. ಹೂವಿನ ಆ ಕಡೆ ಕೆಳಗೆ ಎರಡು, ಮೇಲೆ ಐದು, ಆಗಲೂ 'ಮೂರು'. ಹೂವು ಅಗಲವಾಗುತ್ತಿದೆಯೋ ಕಿರಿದಾಗುತ್ತಿದೆಯೋ ಎಂಬುದು ನೇಯುವ ಬೆರಳಿಗೆ ಗೊತ್ತು. ಮೆಟ್ಟಿಲ ಅಗಲ ಎಷ್ಟು ಎಳೆ, ಅಷ್ಟು ಹೇಳಿದರೆ ಸಾಕು. ಯಾವುದರಲ್ಲಿ ಯಾವುದು ಹೋಯಿತು ಎಂದು ಯಾರೂ ಕೇಳುವುದಿಲ್ಲ. ವುನಾ ಅಜ್ಜಿಯ ಕಣ್ಣಿಗೆ ಪೊರೆ ಬಂದ ಮೇಲೆ ನಾಲ್ಕು ವರ್ಷದಿಂದ ದೋನ್ಕಾ ಒಂದು ದಿನವೂ ಬಿಡದೆ ಕೂಗಿದ್ದಳು.

"ನೆವೆನಾ! ಇದೇನು ಶಾಲೆನೋ ಐಸ್ ಪೆಟ್ಟಿಗೆನೋ?" ಬಾಗಿಲಲ್ಲಿ ಮಾರ್ಕೋವಾ ಟೀಚರ್ ಕೈ ಉಜ್ಜುತ್ತ ನಿಂತಿದ್ದರು. ಅವರ ಹಿಂದೆ ಮಕ್ಕಳು ಬಾಯಿಂದ ಹಬೆ ಬಿಡುತ್ತ, ರೈಲಿನ ಆಟ ಆಡುತ್ತಿದ್ದರು.

ನೆವೆನಾ ತರಗತಿಯ ಹದಿನಾಲ್ಕು ಮಕ್ಕಳ ಹಾಳೆಯನ್ನೂ ಏಪ್ರನ್ನಿನೊಳಗೆ ತುರುಕಿದಳು. ಅಂದು ಒಲೆ ಹೊಗೆಯಾಡುತ್ತಲೇ ಉಳಿಯಿತು.

ಮಧ್ಯಾಹ್ನ ಮನೆಗೆ ಬಂದವಳು ಶಾಲು ಕೂಡ ತೆಗೆಯಲಿಲ್ಲ. ಒಲೆಯ ತಗಡಿನ ಬಾಗಿಲ ಮೇಲೆ ಸೀಮೆಸುಣ್ಣದಿಂದ 64, ಅದರ ಕೆಳಗೆ 38 ಬರೆದಳು. ಉತ್ತರವನ್ನು ಬೇರೆ ಚೀಟಿಯಲ್ಲಿ ಗೀಚಿ ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಸರಿ ಉತ್ತರವಲ್ಲ. ದೋನ್ಕಾ ಏನು ಹೇಳುತ್ತಾಳೋ ಅದು.

"ಏನೇ, ಒಲೆಗೆ ಪಾಠ ಹೇಳ್ಕೊಡ್ತಿದೀಯಾ?" ಎಂದಳು ವುನಾ ಅಜ್ಜಿ, ಮಗ್ಗದಿಂದ ಕೈ ತೆಗೆಯದೆ.

"ಸ್ವಲ್ಪ ಸುಮ್ನಿರಜ್ಜಿ. ದೋನ್ಕಾ, ಬಾರೇ ಇಲ್ಲಿ. ಇದು ಎಷ್ಟು?"

ದೋನ್ಕಾ ಮೆಣಸಿನುಪ್ಪು ಅದ್ದಿದ ರೊಟ್ಟಿ ಜಗಿಯುತ್ತ ಬಂದಳು. ಅಂಕಿಗಳನ್ನು ನೋಡಿ ಅವಳ ಮುಖ ಬಾಡಿತು. "ಮನೇಲೂ ಲೆಕ್ಕಾನಾ ಅಕ್ಕಾ?"

"ಒಂದೇ ಒಂದು. ಬೈಯಲ್ಲ."

"ಮೂವತ್ತ್ನಾಲ್ಕು."

ನೆವೆನಾ ಮುಷ್ಟಿ ಬಿಚ್ಚಿದಳು. ಚೀಟಿಯಲ್ಲಿ 34 ಇತ್ತು. ಇನ್ನೊಂದು ಬರೆದಳು, ಅದೂ ಸೇರಿತು. ಮತ್ತೊಂದು. ಹತ್ತಕ್ಕೆ ಹತ್ತು! ತಪ್ಪು ಉತ್ತರ ಬಾಯಿಂದ ಹೊರಡುವ ಮೊದಲೇ ಅದರ ವಿಳಾಸ ಗೊತ್ತಾಗುವುದೆಂದರೆ! ಅವಳು ತಂಗಿಯ ಎರಡೂ ಕೆನ್ನೆ ಹಿಡಿದು ಮುತ್ತಿಟ್ಟಳು.

"ಎಲ್ಲಾ ಸರಿಯಾ?" ದೋನ್ಕಾ ಕಣ್ಣರಳಿಸಿದಳು.

"ಒಂದೂ ಸರಿ ಇಲ್ಲ!" ಎಂದು ನೆವೆನಾ ನಕ್ಕಳು.

"ಇಬ್ರಿಗೂ ಹುಚ್ಚು. ಹೂವು ಅಲ್ಲೇ ನಿಂತಿದೆ, ಯಾರಾದ್ರೂ ಮೆಟ್ಟಿಲು ಕೂಗ್ರೇ," ಎಂದಳು ಅಜ್ಜಿ.

ಇದನ್ನು ಹೇಳುವುದು ಯಾರಿಗೆ? ಹೇಗೆ? ನೆವೆನಾ ಸಂಜೆಯೆಲ್ಲ ಮನಸ್ಸಿನಲ್ಲೇ ಮಾತು ಕಟ್ಟಿದಳು, ಕಟ್ಟಿದ್ದನ್ನೆಲ್ಲ ಬಿಚ್ಚಿದಳು. ಕೊನೆಗೆ ಮಾತು ಅವಳೇ ಶುರು ಮಾಡಬೇಕಾಗಲಿಲ್ಲ. ಗುರುವಾರ ಬೆಳಿಗ್ಗೆ ಶಾಲೆಯ ಒಲೆಯ ಮುಂದೆ ಹಾಳೆಗಳನ್ನು ನೆಲದ ಮೇಲೆ ಹರಡಿ, ಮಂಡಿಯೂರಿ, ಒಂದೊಂದು ತಪ್ಪಿಗೂ ಇದ್ದಿಲಿನ ಚುಕ್ಕೆ ಇಡುತ್ತಿದ್ದಾಗ ಹಿಂದಿನಿಂದ ಯಾರೋ ಸೀನಿದರು.

ರಾಜಧಾನಿ ಸೋಫಿಯಾದಿಂದ ಪರೀಕ್ಷೆಗೆ ಬಂದ ಇಸ್ಕ್ರಾ ದೆಲೆವಾ. ಕುಳ್ಳಗೆ, ಕೆದರಿದ ಕೂದಲು, ಎರಡು ಸ್ವೆಟರು, ಅದರ ಮೇಲೊಂದು ಕೋಟು.

"ಒಲೆ ಹತ್ರ ಒಂದು ಸಿಗರೇಟು ಸೇದೋಣ ಅಂತ ಬಂದೆ," ಎಂದಳು. ಆಮೇಲೆ ನೆಲ ನೋಡಿದಳು. ಬೆರಳಿನ ನಡುವಿನ ಸಿಗರೇಟು ಅಲ್ಲೇ ಉಳಿಯಿತು. "ಈ ಚುಕ್ಕೆ ಯಾರು ಇಟ್ಟಿದ್ದು?"

ನೆವೆನಾ ತನ್ನ ಕಪ್ಪು ಬೆರಳನ್ನು ಬೆನ್ನ ಹಿಂದೆ ಅಡಗಿಸಿದಳು.

"ಚುಕ್ಕೆ ಇರೋವೆಲ್ಲಾ ಒಂದೇ ಜಾತಿ ತಪ್ಪು. ದೊಡ್ಡ ಅಂಕಿಯಲ್ಲಿ ಚಿಕ್ಕದನ್ನ ಕಳೀತಾರೆ, ಮೇಲಿರ್ಲಿ ಕೆಳಗಿರ್ಲಿ." ಇಸ್ಕ್ರಾ ಕೋಟಿನ ಸಮೇತ ನೆಲದ ಮೇಲೆ ಕೂತುಬಿಟ್ಟಳು. "ನೀವು ಟೀಚರಾ?"

"ಒಲೆ ಹೊತ್ತಿಸ್ತೀನಿ."

"ಅಯ್ಯಪ್ಪಾ! ನಾನು ಇನ್‌ಸ್ಟಿಟ್ಯೂಟಲ್ಲಿ ಎರಡು ವರ್ಷದಿಂದ ಮಕ್ಕಳ ತಪ್ಪು ಉತ್ತರಗಳನ್ನ ಕೂಡಿಹಾಕ್ತಿದೀನಿ. ಎಂಟು ನೂರು ಹಾಳೆ. ಬೇರೆ ದೇಶದಲ್ಲೂ ಕೆಲವರು ಹೀಗೇ ಸಾವಿರಾರು ಸೇರಿಸಿ ನೋಡಿದಾರೆ. ಮಕ್ಕಳು ಸುಮ್ಮನೆ ತಪ್ಪು ಮಾಡೋದು ಕಮ್ಮಿ, ತಪ್ಪಿಗೂ ಒಂದು ನಿಯಮ ಇಟ್ಕೊಂಡಿರ್ತಾರೆ. ಇದನ್ನ ಹೇಳಿದ್ರೆ ಟೀಚರುಗಳು ನನ್ನನ್ನೇ ಪರೀಕ್ಷೆಗೆ ಕೂರಿಸೋ ಥರ ನೋಡ್ತಾರೆ. ಈ ತಪ್ಪು ಎಲ್ಲ ಊರಲ್ಲೂ ಒಂದಿಬ್ಬರು ಮಾಡ್ತಾರೆ. ನಿಮ್ಮೂರಲ್ಲಿ ಹದಿನಾಲ್ಕರಲ್ಲಿ ಒಂಬತ್ತು! ಯಾಕೆ ಅಂತ ನಿನ್ನೆ ಪರೀಕ್ಷೆ ಮಾಡ್ದಾಗಿಂದ ತಲೆ ಕೆರ್ಕೊಳ್ತಿದೀನಿ."

ಆ 'ಯಾಕೆ' ನೆವೆನಾಳ ನಾಲಿಗೆಯ ಗಂಟು ಬಿಚ್ಚಿತು. ಮೆಟ್ಟಿಲು ಕೂಗುವುದನ್ನು ಹೇಳಿದಳು. ಮೊದಲು ಪಿಸುಮಾತಿನಲ್ಲಿ, ಆಮೇಲೆ ಕೈ ಆಡಿಸಿ, ಆಮೇಲೆ ಇದ್ದಿಲಿನಿಂದ ನೆಲದ ಮೇಲೆ ಹೂವನ್ನೇ ಬಿಡಿಸಿ. ಚುಕ್ಕೆ ಬಿದ್ದ ಒಂಬತ್ತು ಮಕ್ಕಳೂ ಮಗ್ಗವಿರುವ ಮನೆಯವರು. ಅವರಲ್ಲಿ ಎಂಟು ಮಂದಿಗೆ ಟೀಚರ್ ಹೇಳಿಕೊಟ್ಟದ್ದು ಒಮ್ಮೊಮ್ಮೆ ನೆನಪಾಗುತ್ತದೆ, ಒಮ್ಮೊಮ್ಮೆ ಮೆಟ್ಟಿಲಿಗೆ ಜಾರುತ್ತಾರೆ. ದೋನ್ಕಾ ಮಾತ್ರ ಯಾವಾಗಲೂ ಮೆಟ್ಟಿಲೇ.

ಇಸ್ಕ್ರಾ ಎರಡು ಕೈಯಿಂದ ತಲೆ ಹಿಡಿದುಕೊಂಡು "ಕುಣೀಬೇಕು ಅನ್ಸ್ತಿದೆ!" ಎಂದಳು.

"ಹಂಗಾದ್ರೆ ಕಾಗದ ಹೋಗಲ್ವಾ?" ನೆವೆನಾ ಕೇಳಿದಳು.

ಇಸ್ಕ್ರಾಳ ಮುಖ ಗಂಭೀರವಾಯಿತು. "ಅದು ನನ್ನ ಕೈಲಿಲ್ಲ. ಹೆಸರು ಬರೆದವರೇ ಹೊಡೆದುಹಾಕ್ಬೇಕು. ನಾಳೆ ಬೆಳಿಗ್ಗೆ ದೋನ್ಕಾಗೆ ಇನ್ನೊಂದು ಪರೀಕ್ಷೆ ಕೊಡ್ಬಹುದು, ಅಷ್ಟೇ. ನಿಯಮ ಇಟ್ಕೊಂಡು ತಪ್ಪು ಮಾಡ್ತಾಳೆ ಅಂದ್ರೆ ಮಾರ್ಕೋವಾ ಏನಂತಾರೆ ಗೊತ್ತಾ? ತಪ್ಪು ತಪ್ಪೇ ಅಂತಾರೆ. ನಾಳೆಯೊಳಗೆ ಅವಳಿಗೆ ಸರಿ ಬರ್ಬೇಕು."

ಮಧ್ಯಾಹ್ನ ಇಸ್ಕ್ರಾ ಮನೆಗೇ ಬಂದಳು. ಅಜ್ಜಿ ಅವಳಿಗೆ ಲಿಂಡನ್ ಹೂವಿನ ಚಹಾ ಕೊಟ್ಟು, ಸ್ವೆಟರಿನ ತುದಿ ಹಿಡಿದು ನೋಡಿ, "ಇದನ್ನ ಯಂತ್ರ ಹೆಣೆದಿದ್ದು ಮಗಳೇ, ಅದಕ್ಕೇ ನೀನು ನಡುಗ್ತೀಯ," ಎಂದು ತೀರ್ಪು ಕೊಟ್ಟಳು.

ಇಸ್ಕ್ರಾ ದೋನ್ಕಾಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಕೆಳಗಿನ ಅಂಕಿ ದೊಡ್ಡದಾದರೆ ಪಕ್ಕದ ಮನೆಯಿಂದ ಒಂದು ಕಡ ತಗೋ, ಪಕ್ಕದ್ದನ್ನು ಒಂದು ಕಮ್ಮಿ ಮಾಡು, ಇಲ್ಲಿ ಹತ್ತು ಸೇರಿಸು. ದೋನ್ಕಾ ಹೇಳಿದ ಹಾಗೆ ಮಾಡಿದಳು. 52ರಲ್ಲಿ 27, ಇಪ್ಪತ್ತೈದು. ಸರಿ! 61ರಲ್ಲಿ 24, ಮೂವತ್ತೇಳು. ಸರಿ! ನೆವೆನಾ ಬಾಗಿಲ ಚೌಕಟ್ಟು ಹಿಡಿದು ನೋಡುತ್ತ ನಿಂತಳು.

"ಈಗ 85ರಲ್ಲಿ 32?" ಎಂದಳು ಇಸ್ಕ್ರಾ.

ದೋನ್ಕಾ ನಾಲಿಗೆ ಕಚ್ಚಿಕೊಂಡು ಎಂಟನ್ನು ಹೊಡೆದುಹಾಕಿ ಏಳು ಮಾಡಿದಳು, ಐದಕ್ಕೆ ಹತ್ತು ಸೇರಿಸಿದಳು, ನಿಧಾನವಾಗಿ ಬರೆದಳು. 413.

"ಏನು ಬಂತು?" ಅಜ್ಜಿ ಮಗ್ಗದಿಂದ ಕೇಳಿದಳು.

"ನಾನೂರ ಹದಿಮೂರು," ಎಂದಳು ದೋನ್ಕಾ ಹೆಮ್ಮೆಯಿಂದ.

ಅಜ್ಜಿ ನೂಲು ಬಡಿಯುವ ಬಾಚಣಿಗೆ ಕೆಳಗಿಟ್ಟು ನಗತೊಡಗಿದಳು. "ಎಂಬತ್ತೈದು ಇತ್ತು, ಮೂವತ್ತೆರಡು ತೆಗೆದ್ವಿ, ನಾನೂರ ಹದಿಮೂರು ಉಳೀತು! ಈ ಲೆಕ್ಕ ಕುರಿ ಕೊಟ್ಟಿಗೆಗೆ ಹೇಳ್ಕೊಡೇ ತಾಯಿ, ನಮ್ಮ ದರಿದ್ರ ಹೋಗುತ್ತೆ!"

ದೋನ್ಕಾಳ ಕಣ್ಣು ತುಂಬಿತು. ಮೊದಲು ಸರಿ ಬರುತ್ತಿದ್ದ ಲೆಕ್ಕವೂ ಈಗ ಕೈ ತಪ್ಪಿತ್ತು. ಇಸ್ಕ್ರಾ ತುಟಿ ಕಚ್ಚಿಕೊಂಡಳು. "ನಾನೇ ತಪ್ಪು ಮಾಡ್ದೆ. ಇವಳ ನಿಯಮ ಕಿತ್ತು ನನ್ನ ನಿಯಮ ಇಟ್ಟೆ. ಎರಡೂ ಕುರುಡೇ. ಇವಳಿಗೆ ಕಾಣೋ ಜಾಗದಿಂದ ಶುರು ಮಾಡ್ಬೇಕಿತ್ತು."

ನೆವೆನಾಳ ಕಣ್ಣು ಆಗ ಅಜ್ಜಿಯ ಕಾಲ ಬಳಿಯ ಬುಟ್ಟಿಗೆ ಬಿತ್ತು. ಮುಂದಿನ ಜಮಖಾನೆಗೆ ಕತ್ತರಿಸಿಟ್ಟ, ಮಗ್ಗಕ್ಕೆ ಉದ್ದುದ್ದ ಕಟ್ಟುವ ಹಾಸಿನ ನೂಲು. ಹಾಸಿನ ಎಳೆಗಳನ್ನು ಹತ್ತು ಹತ್ತು ಎಣಿಸಿ, ಪ್ರತಿ ಹತ್ತಕ್ಕೂ ಕೆಂಪು ದಾರದ ಗಂಟು ಹಾಕುತ್ತಾರೆ. ಇಲ್ಲದಿದ್ದರೆ ಮುನ್ನೂರು ಎಳೆಯ ಲೆಕ್ಕ ಯಾರಿಗೆ ಉಳಿದೀತು? ಆ ಗಂಟು ಹಾಕುವುದು, ಬಿಚ್ಚುವುದು ದೋನ್ಕಾಳದೇ ಕೆಲಸ.

ಅವಳು ಬುಟ್ಟಿಯನ್ನು ಎತ್ತಿ ತಂದು ಐದು ಕಟ್ಟು, ಎರಡು ಬಿಡಿ ಎಳೆ ತಂಗಿಯ ಮುಂದಿಟ್ಟಳು.

"ದೋನ್ಕಾ, ಅಳ್ಬೇಡ. ಸಹಕಾರ ಸಂಘದವರು ಇಪ್ಪತ್ತೇಳು ಎಳೆ ಕೇಳ್ತಿದಾರೆ ಅಂದ್ಕೋ. ಕೊಡು."

ದೋನ್ಕಾ ಮೂಗು ಒರೆಸಿಕೊಂಡಳು. ಎರಡು ಕಟ್ಟು ಎತ್ತಿ ಈ ಕಡೆ ಇಟ್ಟಳು. ಎರಡು ಬಿಡಿ ಎಳೆ ಇಟ್ಟಳು. ನಿಂತಳು. ಇನ್ನೂ ಐದು ಬೇಕು. ಒಂದು ಕ್ಷಣವೂ ಯೋಚಿಸಲಿಲ್ಲ. ಮೂರನೆಯ ಕಟ್ಟನ್ನು ತೆಗೆದು, ಹೆಬ್ಬೆರಳ ಉಗುರಿನಿಂದ ಕೆಂಪು ಗಂಟು ಬಿಚ್ಚಿ, ಐದು ಎಳೆ ಎಣಿಸಿ ಕೊಟ್ಟಳು.

"ನಿನ್ನ ಹತ್ರ ಎಷ್ಟು ಉಳೀತು?"

"ಎರಡು ಕಟ್ಟು, ಐದು ಬಿಡಿ. ಇಪ್ಪತ್ತೈದು."

ನೆವೆನಾ ಅವಳ ಹಳೆಯ ಹಾಳೆಯನ್ನು ಪಕ್ಕದಲ್ಲಿಟ್ಟಳು. 52, 27, ಮೂವತ್ತೈದು. "ಇದ್ರಲ್ಲಿ ಮೂವತ್ತೈದು ಅಂತಿದೆಯಲ್ಲೇ. ಯಾವುದು ಸುಳ್ಳು? ನೂಲಾ, ಕಾಗದಾನಾ?"

ಇಸ್ಕ್ರಾ ಏನೋ ಹೇಳಲು ಬಾಯಿ ತೆರೆದವಳು ತಾನೇ ಮುಚ್ಚಿಕೊಂಡಳು. ದೋನ್ಕಾ ನೂಲು ನೋಡಿದಳು, ಕಾಗದ ನೋಡಿದಳು, ಮತ್ತೆ ನೂಲು. ಮಗ್ಗದ ಸದ್ದೂ ನಿಂತಿತ್ತು. ಅಜ್ಜಿ ಕತ್ತು ಚಾಚಿ ಕಾಯುತ್ತಿದ್ದಳು.

"ಇಲ್ಲಿ..." ದೋನ್ಕಾ ಕಾಗದದ ಎರಡರ ಮೇಲೆ ಬೆರಳಿಟ್ಟಳು. "ಇಲ್ಲಿ ಎರಡೇ ಎಳೆ ಇರೋದು. ಏಳು ಕೊಡೋಕೆ ಆಗಲ್ಲ. ನಾನು ಅವರು ಕೇಳಿರೋ ಏಳರಿಂದ ಎರಡು ತೆಗೆದಿದೀನಿ!" ಇದ್ದಕ್ಕಿದ್ದ ಹಾಗೆ ಕೂಗಿದಳು. "ಅಕ್ಕಾ! ಇದು ಮೆಟ್ಟಿಲಲ್ಲ ಕಣೇ! ಹಾಸು! ಟೀಚರ್ ಕೇಳ್ತಿರೋದು ಹಾಸು!"

"ಹೂಂ ಕಣೇ, ಹಾಸು!"

"ಮೊದ್ಲೇ ಹೇಳ್ಬಾರ್ದಿತ್ತಾ ಅವ್ರು!"

ಅಜ್ಜಿ ತೊಡೆ ತಟ್ಟಿ ನಕ್ಕಳು. ಇಸ್ಕ್ರಾ ನಿಜವಾಗಿಯೂ ಎದ್ದು ಕುಣಿದಳು, ಚಹಾದ ಲೋಟ ಉರುಳಿತು. ದೋನ್ಕಾ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡು, "ಇನ್ನೊಂದು ಕೊಡಿ, ದೊಡ್ಡದು ಕೊಡಿ," ಎಂದು ಪೀಡಿಸತೊಡಗಿದಳು. 85ರಲ್ಲಿ 32 ಬಂದಾಗ ಗಂಟಿಗೆ ಕೈ ಹಾಕಲೇ ಇಲ್ಲ. "ಇದಕ್ಕೆ ಯಾಕೆ ಬಿಚ್ಚೋದು? ಬಿಡಿ ಸಾಕಷ್ಟಿದೆಯಲ್ಲ," ಎಂದು ಸೋಫಿಯಾದವಳಿಗೇ ಪಾಠ ಹೇಳಿದಳು. ಪ್ರತಿ ಸಲ ನೂಲು ಮುಗಿದ ಮೇಲೆ ನೆವೆನಾ ಅದೇ ಲೆಕ್ಕವನ್ನು ಕಾಗದದ ಮೇಲೆ ಮಾಡಿಸಿದಳು, ಆಮೇಲೆ ಬುಟ್ಟಿಯ ಮೇಲೆ ಶಾಲು ಮುಚ್ಚಿ, ನೂಲು ಕಾಣದ ಹಾಗೆ ಮಾಡಿಸಿದಳು.

ಶುಕ್ರವಾರ ಮಾರ್ಚ್ ಒಂದು. ಎಲ್ಲರ ಮಣಿಕಟ್ಟಿನಲ್ಲೂ ವಸಂತ ಬರಲೆಂದು ಕಟ್ಟುವ, ಕೆಂಪು ಬಿಳಿ ಹೊಸೆದ ದಾರ. ಬಿಸಿಲನ್ನೂ ಮಂಜನ್ನೂ ಮನಸ್ಸು ಬಂದಂತೆ ಕಳಿಸುವ, ಕತೆಗಳ ಮಾರ್ಚ್ ಅಜ್ಜಿ ಅಂದು ಒಳ್ಳೆಯ ಮನಸ್ಸಿನಲ್ಲಿದ್ದಳು, ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು. ನೆವೆನಾ ಸೌದೆ ಒಟ್ಟುವ ನೆಪದಲ್ಲಿ ತರಗತಿಯ ಹಿಂಭಾಗದಲ್ಲೇ ಉಳಿದಳು. ಅವಳ ಪಕ್ಕದಲ್ಲಿ ಇಸ್ಕ್ರಾ. ಮೇಜಿನ ಮೇಲೆ ಆ ಕಾಗದ.

"ದೋನ್ಕಾ, ಮುಂದೆ ಬಾ," ಎಂದರು ಮಾರ್ಕೋವಾ ಟೀಚರ್. "ಹಲಗೆ ಕಡೆ ಮುಖ ಮಾಡಿ ನಿಂತ್ಕೋ. ಬೆರಳು ಎಣಿಸೋ ಹಾಗಿಲ್ಲ. ಕೈ ಬೆನ್ನ ಹಿಂದೆ."

ಮಕ್ಕಳು ಯಾವಾಗಲೂ ಹಾಗೇ ಕೂರಬೇಕು, ಹಾಗೇ ನಿಲ್ಲಬೇಕು, ಕೈ ಬೆನ್ನ ಹಿಂದೆ. ಟೀಚರ್ ಹಲಗೆಯ ಮೇಲೆ 70, ಅದರ ಕೆಳಗೆ 36 ಬರೆದರು. ಬಿಡಿ ಜಾಗದಲ್ಲಿ ಸೊನ್ನೆ. ಅಂಥದ್ದನ್ನು ನಿನ್ನೆ ಒಂದೇ ಒಂದು ಸಲ ಮಾಡಿಸಿದ್ದು!

"ನಲವತ್ತಾರು ಅಂತಾಳೆ ನೋಡು," ಎಂದು ಮ್ಲಾಡೆನ್ ಪಿಸುಗುಟ್ಟಿದ. ತರಗತಿಯ ಬಾಯಿಬಡುಕ ಅವನು. ಮಕ್ಕಳು ಕಿಸಕ್ಕನೆ ನಕ್ಕರು.

ದೋನ್ಕಾ ಅಲುಗಲಿಲ್ಲ. ಆದರೆ ಹಿಂದೆ ನಿಂತವರಿಗೆ ಅವಳ ಬೆನ್ನ ಹಿಂದಿನ ಕೈ ಕಾಣುತ್ತಿತ್ತು. ಬಲಗೈಯ ಹೆಬ್ಬೆರಳ ಉಗುರು ಗಾಳಿಯಲ್ಲಿ ಏನನ್ನೋ ಹುಡುಕಿತು, ಕೆದಕಿತು, ಸಡಿಲಿಸಿತು. ಗಂಟು ಬಿಚ್ಚುತ್ತಿದೆ! ಇಸ್ಕ್ರಾ ನೆವೆನಾಳ ತೋಳನ್ನು ನೋಯುವಷ್ಟು ಬಿಗಿಯಾಗಿ ಹಿಡಿದಳು.

"ಮೂವತ್ತ್ನಾಲ್ಕು," ಎಂದಳು ದೋನ್ಕಾ.

ಮಾರ್ಕೋವಾ ಟೀಚರ್ ಹಲಗೆ ನೋಡಿದರು, ಮಗು ನೋಡಿದರು. ಇನ್ನೊಂದು ಬರೆದರು. ಮತ್ತೊಂದು. ಹನ್ನೆರಡರಲ್ಲಿ ಹನ್ನೊಂದು ಸರಿ ಬಂದವು. ನಗು ನಿಂತುಹೋಗಿತ್ತು.

ಟೀಚರ್ ಸೀಮೆಸುಣ್ಣ ಕೆಳಗಿಟ್ಟರು. "ಕಾಗೆ ಕೂರೋಕೂ ಕೊಂಬೆ ಮುರಿಯೋಕೂ ಸರಿಹೋಯ್ತು ಅಂತಾನೂ ಹೇಳೋಕಾಗಲ್ಲ, ಹನ್ನೊಂದು ಕೊಂಬೆ ಆಯ್ತು. ಯಾರೋ ಉರು ಹೊಡೆಸಿದಾರೆ. ಎರಡು ವರ್ಷದಲ್ಲಿ ಬಾರದ್ದು ಒಂದು ದಿನದಲ್ಲಿ ಬರುತ್ತಾ ಕಾಮ್ರೇಡ್ ದೆಲೆವಾ? ಸೋಮವಾರಕ್ಕೆ ಮರೀತಾಳೆ. ಮೂವತ್ತು ವರ್ಷದಿಂದ ಕಂಡಿದೀನಿ." ಅವರ ಕೈ ಕಾಗದದ ಕಡೆಗೆ ಹೋಯಿತು.

"ಇಲ್ಲ," ಎಂದರು ಯಾರೋ.

ಅದು ತನ್ನದೇ ದನಿ ಎಂದು ನೆವೆನಾಳಿಗೆ ತಡವಾಗಿ ಗೊತ್ತಾಯಿತು. ಹದಿನಾಲ್ಕು ತಲೆ ಅವಳ ಕಡೆ ತಿರುಗಿದವು. ಕೈಯಲ್ಲಿ ಸೌದೆಯ ತುಂಡು ಹಾಗೇ ಇತ್ತು. ಆದರೂ ಮಾತು ನಿಲ್ಲಲಿಲ್ಲ.

"ಕಾಮ್ರೇಡ್ ಟೀಚರ್, 64ರಲ್ಲಿ 38 ಅಂತ ಮ್ಲಾಡೆನ್‌ನ ಕೇಳಿ."

"ಯಾಕೆ?"

"ಕೇಳಿ, ದಮ್ಮಯ್ಯ." ಅವಳು ಸೌದೆ ಕೆಳಗಿಟ್ಟು, ಜೇಬಿನ ಚೀಟಿಯಲ್ಲಿ ಇದ್ದಿಲಿನಿಂದ ಏನೋ ಗೀಚಿ, ಮಡಚಿ, ಬೆಂಚುಗಳ ನಡುವೆ ನಡೆದು ಹೋಗಿ ಟೀಚರ್ ಕೈಗೆ ಕೊಟ್ಟಳು. "ಅವನು ಹೇಳಿದ ಮೇಲೆ ಬಿಚ್ಚಿ."

ಮ್ಲಾಡೆನ್ ಎದ್ದು ನಿಂತ, ಎದೆ ಉಬ್ಬಿಸಿದ. ಒಂದು ಗಳಿಗೆ ಯೋಚಿಸಿದ. ಅವನು ಸರಿ ಉತ್ತರ ಹೇಳಿಬಿಟ್ಟರೆ? ಒಮ್ಮೊಮ್ಮೆ ಹೇಳುತ್ತಾನಲ್ಲ! ನೆವೆನಾ ಕಣ್ಣು ಮುಚ್ಚಿದಳು.

"ಮೂವತ್ತ್ನಾಲ್ಕು!" ಎಂದು ಅವನು ಗುಡುಗಿದ.

ಟೀಚರ್ ಚೀಟಿ ಬಿಚ್ಚಿದರು. 34.

"ವೆಸ್ಕಾಗೂ ಕೇಳ್ಬಹುದು," ಎಂದಳು ನೆವೆನಾ ಮೆಲ್ಲಗೆ. "ಮಗ್ಗ ಇರೋ ಮನೆ ಮಕ್ಕಳು ಯಾರನ್ನಾದ್ರೂ. ಇವರು ದಡ್ಡರಲ್ಲ. ಮೆಟ್ಟಿಲು ಕೂಗ್ತಾರೆ. ಐದು ಎರಡು ಮೂರು, ಎರಡು ಐದು ಮೂರು. ನಾವೇ ಕಲ್ಸಿದ್ದು. ದೋನ್ಕಾಗೆ ಉರು ಹೊಡೆಸಿಲ್ಲ, ಹಾಸಿನ ನೂಲು ಹತ್ತು ಹತ್ತು ಕಟ್ಟು ಮಾಡಿ ಮುಂದೆ ಇಟ್ವಿ, ತಾನೇ ಗಂಟು ಬಿಚ್ಚಿ ಕಂಡ್ಕೊಂಡ್ಲು. ನೀವು ಬಯಲುಸೀಮೆಯವರು, ನಿಮ್ಮ ಮನೇಲಿ ಮಗ್ಗ ಇಲ್ಲ. ನಿಮಗೆ ಹೇಗೆ ಗೊತ್ತಾಗ್ಬೇಕು?"

ಮಾರ್ಕೋವಾ ಟೀಚರ್ ಕುರ್ಚಿಯಲ್ಲಿ ಕೂತರು. ಆಮೇಲೆ ಅವರು ಕೇಳಿದ್ದು ನೆವೆನಾ ಎಣಿಸಿದ ಮಾತಲ್ಲ.

"ತೋದೋರಾನೂ ಹೀಗೇ ಮಾಡ್ತಿದ್ಲು," ಎಂದರು. "ಹನ್ನೆರಡು ವರ್ಷದ ಹಿಂದೆ. ಅವಳ ಮನೇಲೂ ಮಗ್ಗ ಇತ್ತಾ?"

ಊರಿನ ಕೊನೆಯ ಮನೆಯ ತೋದೋರಾಳನ್ನು ಆ ಪಟ್ಟಣದ ಶಾಲೆಗೆ ಕಳುಹಿಸಿದ್ದು ನೆವೆನಾಳಿಗೂ ನೆನಪಿತ್ತು. ಅವಳು ಆ ನಾಡಿನ ರೂಢಿಯಂತೆ, ಹೌದೆಂದು ತಲೆಯನ್ನು ಅಡ್ಡಡ್ಡ ಆಡಿಸಿದಳು. "ಎರಡು ಮಗ್ಗ."

ಟೀಚರ್ ಪೆನ್ನು ತೆಗೆದರು. ಕಾಗದದ ಮೇಲಿನ ಹೆಸರನ್ನು ಒಂದು ಗೀಟಿನಲ್ಲಿ ಹೊಡೆದರು. ಸಾಲದು ಎನ್ನಿಸಿತೇನೋ, ಇನ್ನೊಂದು ಗೀಟು ಎಳೆದರು. ಅದೇ ಕೆಂಪು ಪೆನ್ನು.

"ಆ ಕಟ್ಟುಗಳು ನಿಮ್ಮನೇಲಿ ಎಷ್ಟಿವೆ?" ಎಂದು ಕೇಳಿದರು. "ಸೋಮವಾರ ತಗೊಂಡು ಬಾ. ನೀನೂ ಬಾ. ಬಕೆಟ್ಟು ಬೇಡ."

ದೋನ್ಕಾ ಇನ್ನೂ ಹಲಗೆಯ ಮುಂದೆ ಕೈ ಬೆನ್ನ ಹಿಂದೆ ಕಟ್ಟಿ ನಿಂತಿದ್ದಳು. "ಕಾಮ್ರೇಡ್ ಟೀಚರ್, ನಾನು ಕೂರ್ಬಹುದಾ? ಇಲ್ಲಾ ಇನ್ನೂ ಹಾಸು ಇದೆಯಾ?"

ಬಸ್ಸು ಹಾರನ್ ಹೊಡೆಯಿತು. ಇಸ್ಕ್ರಾ ಚೀಲ ಹೊತ್ತು ಓಡಿದಳು, ಓಡುತ್ತಲೇ ಬಾಗಿಲಲ್ಲಿ ತಿರುಗಿ, "ಪತ್ರ ಬರೀತೀನಿ ನೆವೆನಾ! ಮೆಟ್ಟಿಲು ಕೂಗೋದನ್ನ ಪೂರ್ತಿ ಬರೆದು ಕಳಿಸು! ತಪ್ಪಾದ್ರೂ ಪರ್ವಾಗಿಲ್ಲ, ನನಗೆ ತಪ್ಪೇ ಬೇಕು!" ಎಂದು ಕೂಗಿದಳು.

ಸೋಮವಾರ ಬೆಳಿಗ್ಗೆ ನೆವೆನಾ ಒಂದು ತೋಳಿನಲ್ಲಿ ನೂಲಿನ ಬುಟ್ಟಿ, ಇನ್ನೊಂದರಲ್ಲಿ ಸೌದೆ ಹಿಡಿದು ಶಾಲೆಗೆ ಬಂದಳು. ಒಲೆಯ ಬಾಗಿಲು ತೆರೆದು, ಅಭ್ಯಾಸಬಲದಿಂದ ರದ್ದಿ ಡಬ್ಬಕ್ಕೆ ಕೈ ಹಾಕಿದಳು. ಡಬ್ಬ ಬರಿದು. ಬೀರುವಿನ ಬಾಗಿಲಿಗೆ ಮಾರ್ಕೋವಾ ಟೀಚರ್ ಅಕ್ಷರದಲ್ಲಿ ಒಂದು ಚೀಟಿ ಅಂಟಿತ್ತು: 'ತಪ್ಪು ಲೆಕ್ಕಗಳನ್ನು ಸುಡಕೂಡದು. ಎಲ್ಲವೂ ಒಳಗಿವೆ.'

ಹೊರಗೆ ಮಂಜು ಬೀಳುತ್ತಿತ್ತು. ಮಾರ್ಚ್ ಅಜ್ಜಿಗೆ ಮತ್ತೆ ಸಿಟ್ಟು ಬಂದಿರಬೇಕು. ಇನ್ನು ಅರ್ಧ ಗಂಟೆಗೆ ಮಕ್ಕಳು ಬರುತ್ತಾರೆ, ಕೋಣೆ ಕೊರೆಯುತ್ತಿದೆ, ಹೊತ್ತಿಸಲು ಒಂದು ಚೂರು ಕಾಗದವಿಲ್ಲ. ನೆವೆನಾ ಶಾಲು ಬಿಗಿದುಕೊಂಡು, ಒಣಗಿದ ಜೋಳದ ಸಿಪ್ಪೆ ಕೇಳಲು ಪಕ್ಕದ ಮನೆಗೆ ಓಡಿದಳು. ಓಡುತ್ತ ಓಡುತ್ತ ನಗುತ್ತಿದ್ದಳು.